ಮೈಸರ್, ಸ್ಟಿಂಜಿ, ಮೀನ್, ಫ್ರೂಗಲ್: ಎಲ್ಲದಕ್ಕೂ ‘ಜಿಪುಣ’ ಅಂದ್ರೆ ಸಾಕಾ?

ಬೆಳ್ಳಕ್ಕಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಒಂದು ಇಂಗ್ಲಿಷ್ ಸಣ್ಣಕಥೆ ಅನುವಾದ ಮಾಡ್ತಾ ಇದೀನಿ. ಅದರಲ್ಲಿ ಒಬ್ಬಂಟಿ ಮುದುಕಿ ಒಬ್ಬಳಿದಾಳೆ, ತೇಪೆ ಹಾಕಿದ ಕೋಟನ್ನೇ ವರ್ಷಾನುಗಟ್ಟಲೆ ಹಾಕ್ಕೋತಾಳೆ, ರಾತ್ರಿ ಒಂದೇ ಒಂದು ದೀಪ ಹಚ್ತಾಳೆ, ಆದ್ರೆ ಪಕ್ಕದ ಮನೆ ಹುಡುಗನ ಓದಿಗೆ ಯಾರಿಗೂ ಹೇಳ್ದೆ ದುಡ್ಡು ಕೊಡ್ತಿರ್ತಾಳೆ. ಅವಳ ಬಗ್ಗೆ ಊರಿನವರು ಒಬ್ಬೊಬ್ರು ಒಂದೊಂದು ಪದ ಬಳಸ್ತಾರೆ. ಒಬ್ಬ ಮೈಸರ್ ಅಂತಾನೆ, ಇನ್ನೊಬ್ಬಳು ಸ್ಟಿಂಜಿ ಅಂತಾಳೆ, ಪಾದ್ರಿ ಫ್ರೂಗಲ್ ಅಂತಾರೆ, ಸ್ವಂತ ತಮ್ಮನೇ ಮೀನ್ ಅಂತಾನೆ, ಮನೆಗೆಲಸದವಳು ಮಾತ್ರ ‘ಸ್ವಲ್ಪ ನಿಯರ್’ ಅಂತ ಹೇಳಿ ಸುಮ್ನಾಗ್ತಾಳೆ. ನಿಘಂಟು ತೆಗೆದ್ರೆ ಹೆಚ್ಚುಕಮ್ಮಿ ಎಲ್ಲದಕ್ಕೂ ಜಿಪುಣ, ಜುಗ್ಗ, ಕೃಪಣ, ಲೋಭಿ ಇವೇ ನಾಲ್ಕು ಪದ ತಿರುಗಿ ತಿರುಗಿ ಬರ್ತವೆ. ಆದ್ರೆ ಕಥೆಯ ಜೀವ ಇರೋದೇ ಈ ಪದಗಳ ನಡುವಿನ ವ್ಯತ್ಯಾಸದಲ್ಲಿ ಅಂತ ನಂಗನ್ಸುತ್ತೆ. ಇವೆಲ್ಲ ಎಲ್ಲಿಂದ ಬಂದ ಪದಗಳು, ಯಾವುದು ಬೈಗುಳ, ಯಾವುದು ಹೊಗಳಿಕೆ, ಯಾವುದು ಎರಡೂ ಅಲ್ಲ ಅಂತ ತಿಳಿದವರು ಬಿಡಿಸಿ ಹೇಳ್ತೀರಾ? ಇನ್ನೊಂದು, ಥ್ರಿಫ್ಟ್ ಅಂದ್ರೆ ಮಿತವ್ಯಯ ಆದ್ರೆ ಸ್ಪೆಂಡ್‌ಥ್ರಿಫ್ಟ್ ಅಂದ್ರೆ ದುಂದುಗಾರ ಹೇಗಾಯ್ತು, ಅದೂ ತಲೇಲಿ ಕೊರೀತಿದೆ.

ಹಳೇಪುಟ:

ಒಳ್ಳೇ ಪ್ರಶ್ನೆ, ಮೈಸರ್‌ನಿಂದಾನೇ ಶುರು ಮಾಡೋಣ, ಯಾಕಂದ್ರೆ ಅದರ ಕಥೆ ಗೊತ್ತಾದ್ರೆ ಅರ್ಧ ವಿಷಯ ತಿಳಿದ ಹಾಗೆ. ಲ್ಯಾಟಿನ್‌ನಲ್ಲಿ ‘ಮಿಸೆರ್’ ಅಂದ್ರೆ ದುಃಖಿ, ನತದೃಷ್ಟ, ಅಯ್ಯೋ ಪಾಪ ಅನ್ನಿಸೋ ಸ್ಥಿತಿಯಲ್ಲಿ ಇರೋನು ಅಂತ ಅಷ್ಟೇ, ದುಡ್ಡಿಗೂ ಅದಕ್ಕೂ ಸಂಬಂಧ ಇರ್ಲಿಲ್ಲ. ಮಿಸರಬಲ್, ಮಿಸರಿ ಎಲ್ಲ ಅದೇ ಬೇರಿಂದ ಬಂದವು. ಇಂಗ್ಲಿಷಿಗೆ 16ನೇ ಶತಮಾನದಲ್ಲಿ ಬಂದಾಗ್ಲೂ ಮೊದಲು ನತದೃಷ್ಟ ಅನ್ನೋ ಅರ್ಥದಲ್ಲೇ ಬಂತು, ಆಮೇಲೆ ಅದೇ ಶತಮಾನದಲ್ಲೇ ‘ದುಡ್ಡಿದ್ರೂ ಭಿಕಾರಿ ಥರ ಬದುಕೋನು’ ಅನ್ನೋ ಅರ್ಥ ಹತ್ತಿಕೊಳ್ತು. ಪೆಟ್ಟಿಗೆ ತುಂಬ ಚಿನ್ನ ಇಟ್ಕೊಂಡು ಚಳೀಲಿ ನಡುಗ್ತಾ ಕೂತಿರೋ ಮನುಷ್ಯನನ್ನ ನೋಡಿದವರಿಗೆ ಮೊದಲು ಬಂದಿದ್ದು ಸಿಟ್ಟಲ್ಲ, ಕನಿಕರ ಅಂತ ಕಾಣುತ್ತೆ. ಸ್ಪ್ಯಾನಿಷ್‌ನಲ್ಲಿ ಇವತ್ತಿಗೂ ‘ಮಿಸೆರಾಬ್ಲೆ’ ಅಂದ್ರೆ ದೀನ ಅಂತಲೂ ಆಗುತ್ತೆ ಜಿಪುಣ ಅಂತಲೂ ಆಗುತ್ತೆ.

ಇದಕ್ಕೆ ನಮ್ಮಲ್ಲೇ ಸರಿಸಮನಾದ ಪದ ಇದೆ ನೋಡಿ, ಕೃಪಣ. ಸಂಸ್ಕೃತದಲ್ಲಿ ಕೃಪಣ ಅಂದ್ರೆ ಮೊದಲಿಗೆ ದೀನ, ಕನಿಕರಕ್ಕೆ ಪಾತ್ರನಾದವನು. ಭಗವದ್ಗೀತೆಯ 2ನೇ ಅಧ್ಯಾಯದ 49ನೇ ಶ್ಲೋಕದಲ್ಲಿ ‘ಕೃಪಣಾಃ ಫಲಹೇತವಃ’ ಅಂತ ಬರುತ್ತಲ್ಲ, ಅಲ್ಲಿ ಫಲಕ್ಕೋಸ್ಕರ ಕೆಲಸ ಮಾಡೋರು ಜಿಪುಣರು ಅಂತ ಅರ್ಥ ಹೇಳಿದ್ರೆ ತಾಳ ತಪ್ಪುತ್ತೆ, ಅವರು ಪಾಪದವರು, ದೀನರು ಅಂತಲೇ ಹೇಳ್ಬೇಕು. ಅದೇ ಅಧ್ಯಾಯದಲ್ಲಿ ಅರ್ಜುನ ತನ್ನ ಬಗ್ಗೆ ‘ಕಾರ್ಪಣ್ಯದೋಷ’ ಅಂತಾನೆ, ಅಲ್ಲಿ ಅವನು ದುಡ್ಡಿನ ವಿಷಯ ಮಾತಾಡ್ತಾನೇ ಇಲ್ಲ. ಎಲ್ಲೋ ದೂರ ದೂರದ ಎರಡು ಭಾಷೆಗಳು ಒಂದೇ ದಾರಿ ಹಿಡಿದಿವೆ, ದೀನ ಅನ್ನೋ ಪದವೇ ಕೊನೆಗೆ ಕೊಡದವನ ಮೇಲೆ ಬಂದು ಕೂತಿದೆ. ಪೆನ್ಯೂರಿಯಸ್ ಅಂತ ಇನ್ನೊಂದಿದೆ, ಅದೂ ಹೀಗೇ, ಲ್ಯಾಟಿನ್ ‘ಪೆನೂರಿಯಾ’ ಅಂದ್ರೆ ಕೊರತೆ, ಪೆನ್ಯುರಿ ಅಂದ್ರೆ ಕಡುಬಡತನ, ಆದ್ರೆ ಪೆನ್ಯೂರಿಯಸ್ ಅನ್ನೋದು ಬಡವನಿಗೂ ಜಿಪುಣನಿಗೂ ಎರಡಕ್ಕೂ ಬಳಕೆ ಆಯ್ತು.

ಹಾಗಾಗಿ ನಿಮ್ಮ ಕಥೆಯ ಮೈಸರ್‌ಗೆ ನಾನಾದ್ರೆ ಕೃಪಣ ಹಾಕ್ತೀನಿ. ಸ್ಟಿಂಜಿಗೆ ಜುಗ್ಗ ಸರಿಹೋಗುತ್ತೆ, ಅದು ಸಲೀಸಾಗಿ ಬಾಯಿಗೆ ಬರೋ ದಿನಬಳಕೆ ಮಾತು. ಸ್ಟಿಂಜಿ 17ನೇ ಶತಮಾನದ ನಡುವಿಗೆ ಬರಹದಲ್ಲಿ ಕಾಣಿಸ್ಕೊಳ್ಳುತ್ತೆ, ಕುಟುಕು ಅನ್ನೋ ಅರ್ಥದ ‘ಸ್ಟಿಂಗ್’ಗೂ ಇದಕ್ಕೂ ನಂಟಿರಬೇಕು ಅಂತ ನಿಘಂಟುಕಾರರು ಹೇಳ್ತಾರೆ, ಆಡುಮಾತಿನಲ್ಲಿ ಅದಕ್ಕೆ ಸಿಡುಕ, ಮಾತಲ್ಲೇ ಕಚ್ಚೋನು ಅನ್ನೋ ಅರ್ಥಾನೂ ಇತ್ತು. ಕೇಳೋಕೆ ಹೋದ್ರೆ ಕಚ್ಚೋಕೆ ಬರೋರು ಇರ್ತಾರಲ್ಲ, ಅವರು.

ಕಡಲ್ಕೊಕ್ಕರೆ:

ಹಳೇಪುಟ ಅವರು ಹೇಳಿದ್ದಕ್ಕೆ ಇನ್ನೊಂದು ಮಗ್ಗುಲು ಸೇರಿಸ್ತೀನಿ. ಮೀನ್ ಅನ್ನೋ ಪದ ನಂಗೆ ಈ ಇಡೀ ಗುಂಪಿನಲ್ಲೇ ತುಂಬಾ ಬೇಜಾರು ಮಾಡೋ ಪದ. ಹಳೆ ಇಂಗ್ಲಿಷಿನಲ್ಲಿ ಅದು ‘ಗೆಮೈನೆ’ ಅಂತ ಇತ್ತು, ಅರ್ಥ ಎಲ್ಲರಿಗೂ ಸೇರಿದ್ದು, ಹಂಚಿಕೊಂಡದ್ದು, ಸಾರ್ವಜನಿಕ. ಎಷ್ಟು ಒಳ್ಳೇ ಅರ್ಥ! ಜರ್ಮನ್‌ನಲ್ಲಿ ‘ಗೆಮೈನ್’ ಅಂತ ಅದರ ಒಡಹುಟ್ಟಿದ ಪದ ಈಗ್ಲೂ ಇದೆ. ಎಲ್ಲರದೂ ಅನ್ನೋದು ಸಾಮಾನ್ಯರದು ಅಂತಾಯ್ತು, ಸಾಮಾನ್ಯರದು ಅನ್ನೋದು ಕೀಳಾದದ್ದು ಅಂತಾಯ್ತು, ಕೀಳು ಅನ್ನೋದು ಕೀಳು ಬುದ್ಧಿ ಅಂತಾಯ್ತು, ಅಲ್ಲಿಂದ ಜಿಪುಣತನಕ್ಕೆ ಬಂದು ನಿಂತ್ಕೊಳ್ತು. ಹಂಚಿಕೊಂಡದ್ದು ಅನ್ನೋ ಪದ ಹಂಚಿಕೊಳ್ಳದವನ ಹೆಸರಾಗೋಯ್ತು.

ಈಗ ಇದರ ಎದುರು ಪದ ತಗೊಳ್ಳಿ, ಜೆನರಸ್. ಲ್ಯಾಟಿನ್‌ನ ‘ಜೆನೆರೋಸುಸ್’ ಅಂದ್ರೆ ಒಳ್ಳೇ ಕುಲದಲ್ಲಿ ಹುಟ್ಟಿದವನು. ಇಂಗ್ಲಿಷ್‌ಗೆ 16ನೇ ಶತಮಾನದ ಕೊನೇಲಿ ಬಂದಾಗ್ಲೂ ಕುಲೀನ ಅಂತಲೇ ಅರ್ಥ, ಧಾರಾಳವಾಗಿ ಕೊಡೋನು ಅನ್ನೋದು ಆಮೇಲೆ ಬಂದಿದ್ದು. ಲಿಬರಲ್ ಕೂಡ ಅಷ್ಟೇ, ‘ಲಿಬೆರ್’ ಅಂದ್ರೆ ಗುಲಾಮನಲ್ಲದ ಸ್ವತಂತ್ರ ಮನುಷ್ಯ, ಲಿಬರಲ್ ಅಂದ್ರೆ ಅಂಥವನಿಗೆ ತಕ್ಕದ್ದು. ಅಂದ್ರೆ ಕೊಡೋ ಗುಣಕ್ಕೆ ಇಟ್ಟ ಹೆಸರೆಲ್ಲ ಮೇಲಿನವರ ಹುಟ್ಟಿನಿಂದ ಬಂತು, ಕೊಡದ ಗುಣಕ್ಕೆ ಇಟ್ಟ ಹೆಸರು ಬಡವರ ಸ್ಥಿತಿಯಿಂದ, ಜನಸಾಮಾನ್ಯರಿಂದ ಬಂತು. ಇದ್ದವರ ಕೈಯಲ್ಲಿ ಲೇಖನಿ ಇದ್ದಾಗ ಪದಗಳು ಹೀಗೇ ಆಗ್ತವೆ. ಉಳಿದದ್ದನ್ನ ಹಂಚಿಕೊಂಡು ತಿನ್ನೋ ಬಡವರಿಗೆ ಇದರಿಂದ ದೊಡ್ಡ ಅನ್ಯಾಯ ಆಗಿದೆ ಅಂತ ನನ್ನ ಗಟ್ಟಿ ಅಭಿಪ್ರಾಯ.

ಬೆಳ್ಳಕ್ಕಿ ಅವರೇ ನಿಮ್ಮ ಅನುವಾದಕ್ಕೆ ಒಂದು ಎಚ್ಚರಿಕೆ. ಬ್ರಿಟಿಷರು ಮೀನ್ ಅಂದ್ರೆ ಸಾಮಾನ್ಯವಾಗಿ ಜಿಪುಣ, ಅಮೆರಿಕದವರು ಅಂದ್ರೆ ಕ್ರೂರಿ, ಮನಸ್ಸು ನೋಯಿಸೋನು. ಕಥೆ ಬರೆದವರು ಎಲ್ಲಿಯವರು ಅಂತ ಮೊದಲು ನೋಡ್ಕೊಳ್ಳಿ. ಬ್ರಿಟಿಷ್ ಕಥೆ ಆದ್ರೆ ತಮ್ಮ ಅವಳನ್ನ ಜಿಪುಣಿ ಅಂತಿದಾನೆ, ಅಮೆರಿಕನ್ ಆದ್ರೆ ಕೆಟ್ಟೋಳು ಅಂತಿದಾನೆ, ಎರಡಕ್ಕೂ ಅಜಗಜಾಂತರ. ಚೀಪ್‌ಗೂ ಇದೇ ಪಾಡು, ಮನುಷ್ಯನನ್ನ ಚೀಪ್ ಅಂದ್ರೆ ಅಮೆರಿಕದಲ್ಲಿ ಜಿಪುಣ ಅಂತ. ಅದರ ಮೂಲ ಪದ ‘ಚೇಯಪ್’ ಅಂದ್ರೆ ವ್ಯಾಪಾರ, ಸಂತೆ ಅಂತ ಅಷ್ಟೇ ಇತ್ತು, ಲಂಡನ್ನಿನ ಚೀಪ್‌ಸೈಡ್ ಬೀದಿ ಹೆಸರಲ್ಲಿ ಆ ಹಳೇ ಅರ್ಥ ಉಳಿದಿದೆ, ಅದು ಅಗ್ಗದ ಬೀದಿ ಅಲ್ಲ, ಪೇಟೆ ಬೀದಿ. ‘ಗುಡ್ ಚೀಪ್’ ಅಂದ್ರೆ ಒಳ್ಳೇ ವ್ಯಾಪಾರ ಅಂತ ಮಾತಾಡ್ತಿದ್ರು, ಬರ್ತಾ ಬರ್ತಾ ಗುಡ್ ಉದುರಿಹೋಗಿ ಚೀಪ್ ಒಂದೇ ಅಗ್ಗ ಅನ್ನೋ ಅರ್ಥ ಹೊತ್ಕೊಳ್ತು.

ಬೆಳ್ಳಕ್ಕಿ:

ಕಥೆ ಬ್ರಿಟಿಷರದ್ದೇ, ಸದ್ಯ ಬಚಾವು. ಮೀನ್ ಬಗ್ಗೆ ಹೇಳಿದ್ದು ಓದಿ ಸುಮಾರು ಹೊತ್ತು ಅದನ್ನೇ ಯೋಚಿಸ್ತಾ ಕೂತಿದ್ದೆ. ತಮ್ಮನ ಬಾಯಲ್ಲಿ ಆ ಪದ ಯಾಕೆ ಬರುತ್ತೆ ಅಂತ ಈಗ ಹೊಳೀತಿದೆ, ಅವನಿಗೆ ಅಕ್ಕ ಮನೆತನದ ಅಂತಸ್ತಿಗೆ ತಕ್ಕಂಗೆ ಬದುಕ್ತಿಲ್ಲ ಅಂತ ಸಿಟ್ಟು. ಥ್ರಿಫ್ಟ್ ವಿಷಯ ಯಾರಾದ್ರೂ ಹೇಳ್ತೀರಾ?

ಸಂಧಿಸಮಾಸ:

ಥ್ರಿಫ್ಟ್ ನಾನು ಹೇಳ್ತೀನಿ, ಇದು ನಂಗಿಷ್ಟದ ಜಾಗ. ಥ್ರೈವ್ ಅಂದ್ರೆ ಚೆನ್ನಾಗಿ ಬೆಳೆಯೋದು, ಏಳಿಗೆ ಆಗೋದು ಅಲ್ವಾ, ಥ್ರಿಫ್ಟ್ ಅದರ ನಾಮಪದ, ಎರಡೂ ಹಳೆ ನಾರ್ಸ್, ಅಂದ್ರೆ ಸ್ಕ್ಯಾಂಡಿನೇವಿಯಾದ ಹಳೇ ಭಾಷೆ ಕಡೆಯಿಂದ ಬಂದವು. ಹಾಗಾಗಿ ಥ್ರಿಫ್ಟ್ ಅಂದ್ರೆ ಮೊದಲು ಏಳಿಗೆ, ಸಂಪತ್ತು, ಕೂಡಿಟ್ಟ ಆಸ್ತಿ. ಉಳಿತಾಯ ಮಾಡೋ ಗುಣ ಅನ್ನೋದು ಆಮೇಲೆ ಬಂದ ಅರ್ಥ. ಈಗ ಸ್ಪೆಂಡ್‌ಥ್ರಿಫ್ಟ್ ಬಿಡಿಸಿ ನೋಡಿ, ಕೂಡಿಟ್ಟ ಆಸ್ತಿಯನ್ನ ಖರ್ಚು ಮಾಡಿ ಮುಗಿಸೋನು. ಗೋಜಲೇ ಇಲ್ಲ. ಅದಕ್ಕಿಂತ ಮುಂಚೆ ಡಿಂಗ್‌ಥ್ರಿಫ್ಟ್ ಅಂತ ಒಂದು ಪದ ಇತ್ತು, ಆಸ್ತಿಯನ್ನ ಬಡಿದು ಹಾಕೋನು, ಸ್ಕ್ಯಾಟರ್‌ಗುಡ್ ಅಂತಲೂ ಇತ್ತು, ಇದ್ದಬದ್ದದ್ದನ್ನೆಲ್ಲ ಚೆಲ್ಲಾಡೋನು.

ಥ್ರಿಫ್ಟ್ ಅಂತ ಒಂದು ಗಿಡಾನೂ ಇದೆ, ಕಡಲ ದಂಡೆ ಬಂಡೆಗಳ ಸಂದಿಯಲ್ಲಿ, ಮಣ್ಣೇ ಇಲ್ಲ ಅನ್ನೋ ಕಡೆ ಗುಲಾಬಿ ಬಣ್ಣದ ಗುಂಡು ಗುಂಡು ಹೂ ಬಿಟ್ಕೊಂಡು ಸೊಂಪಾಗಿ ಬೆಳೆಯುತ್ತೆ. 1937ರಿಂದ ಬ್ರಿಟನ್ನಿನಲ್ಲಿ ಹನ್ನೆರಡು ಮೂಲೆಯ ಹಿತ್ತಾಳೆ ಬಣ್ಣದ ಮೂರು ಪೆನ್ನಿ ನಾಣ್ಯ ಬಂತಲ್ಲ, ಆರನೇ ಜಾರ್ಜ್ ರಾಜನ ಕಾಲದ್ದು, ಅದರ ಹಿಂಬದಿಗೆ ಇದೇ ಗಿಡದ ಚಿತ್ರ ಹಾಕಿದ್ರು. ನಾಣ್ಯ ಕೈಗೆ ಬಂದಾಗೆಲ್ಲ ಉಳಿಸು ಅಂತ ನೆನಪು ಮಾಡೋ ಗಿಡ, ಅದೂ ಇಲ್ಲದ ಮಣ್ಣಲ್ಲಿ ಬೆಳೆಯೋ ಗಿಡ, ಈ ಆಯ್ಕೆ ಮಾಡಿದವರ ತಲೆಗೆ ಕೈ ಮುಗೀಬೇಕು.

ಇನ್ನೊಂದು ಗಮನಿಸಿದೀರಾ, ಸ್ಪೆಂಡ್‌ಥ್ರಿಫ್ಟ್ ಕಟ್ಟಿರೋ ರೀತಿ, ಕ್ರಿಯಾಪದ ಮುಂದೆ ನಾಮಪದ ಹಿಂದೆ. ಪಿಂಚ್‌ಪೆನ್ನಿ ಅಂದ್ರೆ ಪೆನ್ನಿಯನ್ನ ಚಿವುಟೋನು, ಅದು 15ನೇ ಶತಮಾನದ್ದು, ಈಗ ಜನ ಪೆನ್ನಿ ಪಿಂಚರ್ ಅಂತ ತಿರುಗಿಸಿ ಹೇಳ್ತಾರೆ. ಸ್ಕಿನ್‌ಫ್ಲಿಂಟ್ ಅಂದ್ರೆ ಚಕಮಕಿ ಕಲ್ಲಿನ ಚರ್ಮ ಸುಲಿಯೋನು, ಕಲ್ಲಿಗೆ ಚರ್ಮ ಎಲ್ಲಿಂದ ಬರಬೇಕು, ಅಲ್ಲೂ ಏನಾದ್ರೂ ಗಿಟ್ಟುತ್ತಾ ಅಂತ ನೋಡೋ ಮನುಷ್ಯ. ಕೋವಿಯ ಚಕಮಕಿ ಕಲ್ಲನ್ನ ಹೊಸದು ತಗೊಳ್ದೆ ಮತ್ತೆ ಮತ್ತೆ ಉಜ್ಜಿ ಬಳಸ್ತಿದ್ರು ಅದಕ್ಕೆ ಈ ಹೆಸರು ಬಂತು ಅಂತ ಇಂಟರ್‌ನೆಟ್ಟಲ್ಲಿ ಓಡಾಡುತ್ತೆ, ನಂಬಬೇಡಿ, ಇದು ಬರೀ ಉತ್ಪ್ರೇಕ್ಷೆಯ ನುಡಿಗಟ್ಟು. ಫ್ರೆಂಚರು ಇಂಥವನನ್ನೇ ಮೊಟ್ಟೆಯ ಉಣ್ಣೆ ಕತ್ತರಿಸೋನು ಅಂತಾರೆ, ನಾವು ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಅಂತೀವಿ. ಇಂಗ್ಲಿಷಿನಲ್ಲಿ ಈ ಕ್ರಿಯಾಪದ ಮುಂದಿರೋ ಸಮಾಸಗಳಲ್ಲಿ ಮನುಷ್ಯರನ್ನ ಕುರಿತವು ಬಹುಪಾಲು ಬೈಗುಳಗಳೇ, ಪಿಕ್‌ಪಾಕೆಟ್, ಕಟ್‌ಥ್ರೋಟ್ (ಕತ್ತು ಕುಯ್ಯೋನು), ಕಿಲ್‌ಜಾಯ್ (ಖುಷಿ ಕೆಡಿಸೋನು) ಎಲ್ಲ ಅದೇ ಅಚ್ಚು.

ಹಳೇಪುಟ:

ಸಂಧಿಸಮಾಸ ಅವರ ನಾಣ್ಯದ ವಿಷಯ ಸೊಗಸಾಗಿತ್ತು. ಬೈಗುಳ ಅಂದ್ರಲ್ಲ, ಕರ್ಮಜನ್ ಬಿಡೋಕೆ ಆಗಲ್ಲ. ಈಗ ಅದಕ್ಕೆ ಸದಾ ಗೊಣಗೋ ಮುದುಕ ಅಂತ ಅರ್ಥ, ಆದ್ರೆ 16ನೇ ಶತಮಾನದಲ್ಲಿ ಹುಟ್ಟಿದಾಗ ಜಿಪುಣ ಅನ್ನೋ ಅರ್ಥವೇ ಮುಂದಿತ್ತು. ಮೂಲ ಯಾವುದು ಅಂತ ನಿಘಂಟುಕಾರರಿಗೆ ಇವತ್ತಿಗೂ ಸಿಕ್ಕಿಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಇದು ಫ್ರೆಂಚ್‌ನ ‘ಕರ್ ಮೆಶಾಂ’ ಅಂದ್ರೆ ಕೆಟ್ಟ ಹೃದಯ ಅನ್ನೋದರ ಅಪಭ್ರಂಶ ಇರಬಹುದು ಅಂತ ಹಾಕಿ, ಈ ವಿವರಣೆ ಕಳಿಸಿದ್ದು ಒಬ್ಬ ಅನಾಮಿಕ ಪತ್ರಲೇಖಕ ಅಂತ ಪ್ರಾಮಾಣಿಕವಾಗಿ ಪಕ್ಕದಲ್ಲೇ ಬರೆದಿದ್ದ. ಇಪ್ಪತ್ತು ವರ್ಷ ಆದ್ಮೇಲೆ 1775ರಲ್ಲಿ ಜಾನ್ ಆಶ್ ಅನ್ನೋರು ಇನ್ನೊಂದು ನಿಘಂಟು ಮಾಡಿದ್ರು, ಅದರಲ್ಲಿ ಜಾನ್ಸನ್ ಬರೆದದ್ದನ್ನ ಹೇಗೆ ಓದ್ಕೊಂಡ್ರೋ ಏನೋ, ಫ್ರೆಂಚ್‌ನಲ್ಲಿ ‘ಕರ್’ ಅಂದ್ರೆ ಅನಾಮಿಕ, ‘ಮೆಶಾಂ’ ಅಂದ್ರೆ ಪತ್ರಲೇಖಕ ಅಂತ ಅಚ್ಚು ಹಾಕಿಸಿಬಿಟ್ರು. ನಿಘಂಟಿನಿಂದ ನಿಘಂಟಿಗೆ ನಕಲು ಮಾಡೋವಾಗ ಎಷ್ಟು ಹುಷಾರಾಗಿರಬೇಕು ಅನ್ನೋದಕ್ಕೆ ಅನುವಾದಕರು ಗೋಡೆಗೆ ಅಂಟಿಸ್ಕೊಳ್ಳಬೇಕಾದ ಪ್ರಸಂಗ ಇದು.

ಕರ್ಮಜನ್‌ನಷ್ಟೇ ನೆನಪಿಡಬೇಕಾದ ಇನ್ನೊಂದು ಸ್ಕ್ರೂಜ್. ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್ 1843ರಲ್ಲಿ ‘ಎ ಕ್ರಿಸ್‌ಮಸ್ ಕ್ಯಾರಲ್’ ಕಥೆಗೆ ಸೃಷ್ಟಿ ಮಾಡಿದ ಜಿಪುಣನ ಪಾತ್ರದ ಹೆಸರು, ಈಗ ನಿಘಂಟಿನಲ್ಲಿ ಸಾಮಾನ್ಯ ನಾಮಪದ. ಹಿಸುಕೋದು ಅನ್ನೋ ಅರ್ಥದ ‘ಸ್ಕ್ರೌಜ್’ ಅಂತ ಒಂದು ಆಡುಮಾತೂ ಆಗ ಇತ್ತು. ಕಥೆ ಓದಿದವರಿಗೆ ಗೊತ್ತು, ಕೊನೇಲಿ ಆ ಮನುಷ್ಯ ಪೂರ್ತಿ ಬದಲಾಗಿ ಕೈಬಿಚ್ಚಿ ಕೊಡೋನಾಗ್ತಾನೆ, ಆದ್ರೆ ಭಾಷೆ ಅವನ ಹಳೇ ಮುಖವನ್ನ ಮಾತ್ರ ಉಳಿಸ್ಕೊಳ್ತು. ನಂಗೆ ಅದು ಸರಿ ಅನ್ಸಲ್ಲ.

ಒಂದುದಾರ:

ತಡವಾಗಿ ಬಂದೆ. ಒಂದು ಪದದ ಬಗ್ಗೆ ಎಲ್ಲರೂ ಸುಮ್ನಿದೀರಿ, ನಿಗರ್ಡ್ಲಿ, ಇದಕ್ಕೂ ಜಿಪುಣತನದ್ದು ಅಂತಲೇ ಅರ್ಥ. ಅನುವಾದಕರು ಇದನ್ನ ಹಳೇ ಪುಸ್ತಕಗಳಲ್ಲಿ ನೋಡೇ ನೋಡ್ತಾರೆ. ಕಪ್ಪು ಜನರನ್ನ ಹೀಯಾಳಿಸೋ ಆ ಕೆಟ್ಟ ಪದಕ್ಕೂ ಇದಕ್ಕೂ ಹುಟ್ಟಿನಲ್ಲಿ ಏನೂ ಸಂಬಂಧ ಇಲ್ಲ, ಅದು ಕಪ್ಪು ಅನ್ನೋ ಅರ್ಥದ ಲ್ಯಾಟಿನ್ ಪದದಿಂದ ಬಂದಿದ್ದು, ಇದು ಸ್ಕ್ಯಾಂಡಿನೇವಿಯಾ ಕಡೆಯ ಪದ ಇರಬೇಕು ಅಂತಾರೆ, ಇದರ ಮೂಲ ಪದ ‘ನಿಗರ್ಡ್’ 14ನೇ ಶತಮಾನದಲ್ಲೇ ಇಂಗ್ಲಿಷಿನಲ್ಲಿತ್ತು. ಆದ್ರೂ ಕಿವಿಗೆ ಹತ್ತಿರ ಹತ್ತಿರ ಕೇಳುತ್ತೆ. 1999ರಲ್ಲಿ ವಾಷಿಂಗ್ಟನ್‌ನಲ್ಲಿ ಮೇಯರ್ ಕಚೇರಿಯ ಒಬ್ಬ ಅಧಿಕಾರಿ ಬಜೆಟ್ ಬಗ್ಗೆ ಮಾತಾಡ್ತಾ ಈ ಪದ ಬಳಸಿದ್ದಕ್ಕೆ ಗಲಾಟೆ ಆಗಿ ರಾಜೀನಾಮೆ ಕೊಡಬೇಕಾಯ್ತು, ಆಮೇಲೆ ಮೇಯರೇ ವಾಪಸ್ ಕರೆದ್ರು. ಅರ್ಥ ಸರಿಯಿದೆ ಅಂತ ಹಠ ಹಿಡಿಯೋಕಿಂತ ಸ್ಟಿಂಜಿ ಅಂದು ಮುಂದೆ ಹೋಗೋದು ಒಳ್ಳೇದು, ಕೇಳೋನಿಗೆ ನೋವಾಗೋ ಪದಾನೇ ಆಗಬೇಕು ಅಂತೇನಿಲ್ಲ.

ಇನ್ನು ಪಾರ್ಸಿಮೋನಿಯಸ್. ಇದರ ಮೂಲದಲ್ಲಿ ಬೈಗುಳವೇ ಇಲ್ಲ, ಲ್ಯಾಟಿನ್ ‘ಪಾರ್ಕೆರೆ’ ಅಂದ್ರೆ ಉಳಿಸು, ಮಿತವಾಗಿ ಬಳಸು. ಮನುಷ್ಯನಿಗೆ ಹೇಳಿದ್ರೆ ಈಗ ಜಿಪುಣ, ಆದ್ರೆ ವಿಜ್ಞಾನದಲ್ಲಿ ಇದು ದೊಡ್ಡ ಮೆಚ್ಚುಗೆ. ಕಮ್ಮಿ ಊಹೆಗಳಲ್ಲಿ ಹೆಚ್ಚು ವಿವರಿಸೋ ಸಿದ್ಧಾಂತ ಇದ್ರೆ ಅದು ಪಾರ್ಸಿಮೋನಿಯಸ್, 14ನೇ ಶತಮಾನದ ತತ್ವಜ್ಞಾನಿ ವಿಲಿಯಂ ಆಫ್ ಆಕಮ್ ಹೆಸರಲ್ಲಿ ಓಡೋ ಸೂತ್ರ ಇದೇ. ಜೀವವಿಜ್ಞಾನದವರು ಪ್ರಾಣಿಗಳ ವಂಶವೃಕ್ಷ ಕಟ್ಟೋವಾಗ್ಲೂ ಅತಿ ಕಮ್ಮಿ ಬದಲಾವಣೆ ಬೇಡೋ ಮರವನ್ನ ಆರಿಸ್ಕೊಳ್ಳೋ ವಿಧಾನಕ್ಕೆ ಪಾರ್ಸಿಮೊನಿ ಅಂತಲೇ ಹೆಸರು. ಅಲ್ಲಿ ಜಿಪುಣ ಅಂತ ಹಾಕಿದ್ರೆ ಕೆಟ್ಟೋಯ್ತು.

ಒಟ್ನಲ್ಲಿ ಒಂದೇ ಮನುಷ್ಯನನ್ನ ಇಷ್ಟಪಡೋರು ಫ್ರೂಗಲ್ ಅಂತಾರೆ, ಇಷ್ಟ ಇಲ್ಲದವರು ಸ್ಟಿಂಜಿ ಅಂತಾರೆ, ಅಷ್ಟೇ ವ್ಯತ್ಯಾಸ ಅಲ್ವಾ?

ಕಡಲ್ಕೊಕ್ಕರೆ:

ಇಲ್ಲ, ಇಲ್ಲಿ ನಾನು ಒಪ್ಪಲ್ಲ. ನೋಡೋರ ಕಣ್ಣಿನ ಪ್ರಶ್ನೆ ಮಾತ್ರ ಆಗಿದ್ರೆ ಬೆಳ್ಳಕ್ಕಿ ಅವರ ಕಥೆಯಲ್ಲಿ ಕಥೇನೇ ಇರಲ್ಲ. ನಿಜವಾದ ಗೆರೆ ಇರೋದು ಯಾರ ಮೇಲಿನ ಖರ್ಚು ಅನ್ನೋದರಲ್ಲಿ. ಫ್ರೂಗಲ್ ಅನ್ನೋದು ಲ್ಯಾಟಿನ್‌ನಲ್ಲಿ ಫಲ, ಬೆಳೆ ಅನ್ನೋ ಪದದ ವಂಶದ್ದು, ‘ಫ್ರೂಜಿ’ ಅಂದ್ರೆ ಉಪಯೋಗಕ್ಕೆ ಬರೋನು, ಯೋಗ್ಯ ಅಂತ. ಫ್ರೂಗಲ್ ಆದವನು ತನಗೆ ಕಮ್ಮಿ ಖರ್ಚು ಮಾಡ್ಕೊಳ್ತಾನೆ, ಅದರಲ್ಲಿ ಇನ್ನೊಬ್ಬರ ಹಕ್ಕಿನದ್ದು ಏನೂ ಹೋಗಲ್ಲ. ಸ್ಟಿಂಜಿ ಆದವನು ತಾನು ಚೆನ್ನಾಗೇ ತಿಂದುಂಡು ಇರಬಹುದು, ಕೊಡೋ ಹೊತ್ತಿಗೆ ಕೈ ಹಿಂದಕ್ಕೆ ಹೋಗುತ್ತೆ. ಮೈಸರ್ ತನಗೂ ಇಲ್ಲ ಪರರಿಗೂ ಇಲ್ಲ, ಅದಕ್ಕೇ ಅವನ ಹೆಸರಲ್ಲಿ ದುಃಖ ಇರೋದು. ನಿಮ್ಮ ಕಥೆಯ ಮುದುಕಿ ತನ್ನ ಕೋಟಿಗೆ ತೇಪೆ ಹಾಕ್ಕೊಂಡು ಹುಡುಗನ ಓದಿಗೆ ಕೊಡ್ತಾಳೆ ಅಂದ್ಮೇಲೆ ಅವಳು ಫ್ರೂಗಲ್ ಮಾತ್ರ, ಉಳಿದವರೆಲ್ಲ ಅವಳ ಕೋಟು ನೋಡಿ ಮಾತಾಡ್ತಿದಾರೆ. ಪಾದ್ರಿಗೆ ಗುಟ್ಟು ಗೊತ್ತಿದೆಯಾ ಅಂತ ಒಮ್ಮೆ ನೋಡಿ.

ದುಡ್ಡಿಗೇ ಸೀಮಿತ ಅಂತಾನೂ ಅಂದ್ಕೋಬೇಡಿ. ಹೊಗಳಿಕೆಯಲ್ಲೂ ಸ್ಟಿಂಜಿ ಆಗಿರೋರು ಇದಾರೆ. ಅನ್‌ಜೆನರಸ್ ಅನ್ನೋದನ್ನ ಇಂಗ್ಲಿಷಿನಲ್ಲಿ ದುಡ್ಡಿಗಿಂತ ಅಭಿಪ್ರಾಯಕ್ಕೇ ಹೆಚ್ಚು ಬಳಸ್ತಾರೆ, ಇನ್ನೊಬ್ಬರ ಮಾತಿಗೆ ಬೇಕಂತಲೇ ಕೆಟ್ಟ ಅರ್ಥ ಹಚ್ಚೋದು ಅನ್‌ಜೆನರಸ್, ಅದಕ್ಕೆ ನಮ್ಮಲ್ಲಿ ಸಣ್ಣತನ ಅನ್ನೋ ಪದ ಹೇಳಿ ಮಾಡಿಸಿದ ಹಾಗಿದೆ. ಬಿಗ್ರಜ್ ಅಂದ್ರೆ ಗೊಣಗ್ತಾ ಕೊಡೋದು, ಅಥವಾ ಇನ್ನೊಬ್ಬರಿಗೆ ಸಿಕ್ಕಿದ್ದಕ್ಕೆ ಹೊಟ್ಟೆ ಉರ್ಕೊಳ್ಳೋದು, ಅದರ ಬೇರಿನ ಹಳೇ ಫ್ರೆಂಚ್ ಪದಕ್ಕೆ ಗೊಣಗೋದು ಅಂತಲೇ ಅರ್ಥ. ಮ್ಯಾಗ್ನಾನಿಮಸ್ ಅಂದ್ರೆ ಅಕ್ಷರಶಃ ದೊಡ್ಡ ಮನಸ್ಸಿನವನು, ನಾವೂ ಹಾಗೇ ಅಂತೀವಿ. ಆದ್ರೆ ಸಣ್ಣ ಮನಸ್ಸು ಅನ್ನೋ ಅರ್ಥದಲ್ಲೇ ಕಟ್ಟಿದ ಪ್ಯೂಸಿಲಾನಿಮಸ್ ಇಂಗ್ಲಿಷಿನಲ್ಲಿ ಹೇಡಿ ಅಂತಾಯ್ತು, ಅದನ್ನ ಜಿಪುಣ ಅಂತ ಅನುವಾದ ಮಾಡಬೇಡಿ.

ಬೆಳ್ಳಕ್ಕಿ:

ಪಾದ್ರಿಗೆ ಗುಟ್ಟು ಗೊತ್ತು! ಹುಡುಗನ ಫೀಸು ಕಟ್ಟೋದೇ ಅವರ ಕೈಯಿಂದ. ನೀವು ಹೇಳೋವರೆಗೂ ಫ್ರೂಗಲ್ ಅನ್ನೋದು ಅವರ ಬಾಯಲ್ಲೇ ಯಾಕೆ ಅಂತ ನಾನು ಗಮನ ಕೊಟ್ಟಿರ್ಲಿಲ್ಲ. ಸದ್ಯಕ್ಕೆ ಹೀಗೆ ಅಂದ್ಕೊಂಡಿದೀನಿ: ಮೈಸರ್‌ಗೆ ಕೃಪಣ, ಸ್ಟಿಂಜಿಗೆ ಜುಗ್ಗಿ, ಮೀನ್‌ಗೆ ‘ನಮ್ಮಂಥವರಿಗೆ ಮರ್ಯಾದೆ ಅಲ್ಲ, ಜಿಪುಣತನ’ ಅಂತ ತಮ್ಮನ ಮಾತನ್ನ ಸ್ವಲ್ಪ ಬಿಡಿಸೋದು, ಪಾದ್ರಿಗೆ ‘ಮಿತವಾಗಿ ಬದುಕೋ ಹೆಂಗಸು’. ಉಳಿದಿದ್ದು ಕೆಲಸದವಳ ನಿಯರ್ ಒಂದೇ.

ಹಳೇಪುಟ:

ನಿಯರ್, ಕ್ಲೋಸ್ ಎರಡಕ್ಕೂ ಹಿಂದೆ ಈ ಅರ್ಥ ಇತ್ತು, ದುಡ್ಡನ್ನ ಮೈಗೆ ಹತ್ತಿರ ಇಟ್ಕೊಳ್ಳೋರು. ಹಿತವಾದ, ಮೆತ್ತಗಿನ ಪದ. ಡಿಕನ್ಸ್‌ನ ‘ಡೇವಿಡ್ ಕಾಪರ್‌ಫೀಲ್ಡ್’ ಕಾದಂಬರಿಯಲ್ಲಿ ಬಾರ್ಕಿಸ್ ಅನ್ನೋನು ಹಾಸಿಗೆ ಕೆಳಗೆ ಪೆಟ್ಟಿಗೇಲಿ ದುಡ್ಡು ತುಂಬಿಟ್ಟು, ಅದರಲ್ಲಿ ಬರೀ ಕೋಟು ಪ್ಯಾಂಟು ಇದೆ ಅಂತ ನಟಿಸ್ತಾನೆ. ಲೋಕ ಅವನನ್ನ ಮೈಸರ್ ಅಂದ್ರೂ ಹೆಂಡತಿ ಪೆಗಟಿ ಗಂಡನ ಮರ್ಯಾದೆ ಉಳಿಸಿ ‘ಸ್ವಲ್ಪ ನಿಯರ್’ ಅಂತಾಳೆ, ಅದಕ್ಕಿಂತ ಒಂದಕ್ಷರ ಜಾಸ್ತಿ ಹೇಳಲ್ಲ. ನಿಮ್ಮ ಕಥೆಯ ಕೆಲಸದವಳದ್ದೂ ಅದೇ ದನಿ ಇರಬೇಕು. ‘ಅಮ್ಮಾವ್ರದ್ದು ಕೈ ಸ್ವಲ್ಪ ಬಿಗಿ’ ಅಂತ ಹಾಕಿ ನೋಡಿ, ಕೈ ಬಿಗಿ ಅಂದ್ರೆ ನಮ್ಮಲ್ಲಿ ದುಡ್ಡಿನ ತಾಪತ್ರಯ ಅಂತಲೂ ಆಗುತ್ತೆ, ಹಾಗಾಗಿ ಕೇಳಿದವರಿಗೆ ಅವಳು ಅಮ್ಮಾವ್ರನ್ನ ದೂರ್ತಿದಾಳೋ ಕಾಯ್ತಿದಾಳೋ ಗೊತ್ತಾಗಲ್ಲ.

ಬೆಳ್ಳಕ್ಕಿ:

ಇದೇ ಬೇಕಿತ್ತು. ಹಾಕಿದೆ.